ಮಂಗ ಊಟ ಬಿಟ್ಟಿದೆ: ಸಂಶೋಧನಾ ಕಾಲನಿಯಲ್ಲಿ ಕಾರಣ ಹುಡುಕುವ ಬಗೆ

ಸಂಶೋಧನೆಗಾಗಿ ಸಾಕಿದ ಮಂಗಗಳ ಕಾಲನಿಯಲ್ಲಿ ಪಶುವೈದ್ಯರ ದಿನ ಹೆಚ್ಚಾಗಿ ಒಂದೇ ಮಾತಿನಿಂದ ಶುರುವಾಗುತ್ತದೆ. "ಸಾರ್, ಮೂಲೆ ಪಂಜರದ ಹೆಣ್ಣು ನಿನ್ನೆ ಸಂಜೆಯಿಂದ ಏನೂ ಮುಟ್ಟಿಲ್ಲ." ಈ ಮಾತಿನ ಹಿಂದೆ ಕಟ್ಟಿಕೊಂಡ ನೀರಿನ ನಿಪ್ಪಲ್ (ಒತ್ತಿದರೆ ನೀರು ಬರುವ ಪೈಪಿನ ತುದಿ) ಇರಬಹುದು, ಹಲ್ಲುನೋವು ಇರಬಹುದು, ಕ್ಷಯವೂ ಇರಬಹುದು. ದೂರು ಒಂದೇ, ಕಾರಣ ಹತ್ತಾರು. ಹಾಗಾಗಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅನ್ನುವ ಕ್ರಮ ಗಟ್ಟಿಯಾಗಿರಬೇಕು.

ನಾನು ಪಾಲಿಸುವ ಕ್ರಮ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಮೊದಲು ಪಂಜರ, ನೀರು, ಊಟ, ಜೊತೆಗಾರರು. ಆಮೇಲೆ ಮಂಗದ ಮೈ. ಕೊನೆಗೆ ಔಷಧಿ. ಹೊರಗಿನದನ್ನು ನೋಡಲು ಹತ್ತು ನಿಮಿಷ ಸಾಕು, ಮಂಗವನ್ನು ಹಿಡಿಯುವ ಗೋಜೂ ಇಲ್ಲ. ಇನ್ನೊಂದು ಕಾರಣವೂ ಇದೆ. ಗೊತ್ತಿಲ್ಲದೆ ಆಂಟಿಬಯಾಟಿಕ್ ಚುಚ್ಚಿದರೆ ಆಮೇಲೆ ಮಾಡುವ ಮಲದ ಕಲ್ಚರ್‌ಗೆ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಬೆಲೆಯೇ ಇರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಮಕಾಕ್ ಗುಂಪಿನ ಮಂಗಗಳಿಗೆ: ಉತ್ತರ ಭಾರತದ ರೀಸಸ್, ನಮ್ಮ ಕಡೆಯ ಬಾನೆಟ್ ಮಂಗ, ಆಗ್ನೇಯ ಏಷ್ಯಾದ ಉದ್ದಬಾಲದ ಮಕಾಕ್. ಮುಸಿಯದ ಹೊಟ್ಟೆಯ ರಚನೆಯೇ ಬೇರೆ. ಅದಕ್ಕೆ ಇದನ್ನು ಹಾಗೇ ಹಚ್ಚಬೇಡಿ.

ಕೋಣೆಗೆ ಕಾಲಿಡುವ ಮುಂಚೆ

ಮಕಾಕ್‌ಗಳಲ್ಲಿ ಬಿ ವೈರಸ್ ಅನ್ನುವ ಹರ್ಪಿಸ್ ಜಾತಿಯ ವೈರಸ್ ಇರುತ್ತದೆ. ದೊಡ್ಡ ಮಂಗಗಳಲ್ಲಿ ಬಹಳಷ್ಟಕ್ಕೆ ಇದು ತಗುಲಿರುತ್ತದೆ, ಆದರೆ ಅವಕ್ಕೆ ಬಾಯಲ್ಲಿ ಒಂದೆರಡು ಹುಣ್ಣು ಬಿಟ್ಟರೆ ಏನೂ ಆಗುವುದಿಲ್ಲ. ಎಷ್ಟೋ ಸಲ ಆ ಹುಣ್ಣೂ ಕಾಣುವುದಿಲ್ಲ. ಮನುಷ್ಯರಿಗೆ ತಗುಲಿದರೆ ಮಾತ್ರ ಮಿದುಳಿಗೆ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಬದುಕುವವರು ಕಡಿಮೆ. 1932ರಲ್ಲಿ ಅಮೆರಿಕದಲ್ಲಿ ಮಂಗ ಕಚ್ಚಿ ತೀರಿಕೊಂಡ ಯುವ ವೈದ್ಯ ವಿಲಿಯಂ ಬ್ರೆಬ್ನರ್ ಹೆಸರಿನ ಮೊದಲಕ್ಷರವೇ ಈ ವೈರಸ್‌ಗೆ ಉಳಿದಿದೆ. 1997ರಲ್ಲಿ ಅಲ್ಲಿಯೇ ಒಂದು ಕೇಂದ್ರದಲ್ಲಿ ಕಣ್ಣಿಗೆ ಸಿಡಿದ ಹನಿಯಿಂದ ಒಬ್ಬ ಯುವತಿ ತೀರಿಕೊಂಡರು. ಕಚ್ಚಿರಲಿಲ್ಲ, ಪರಚಿರಲಿಲ್ಲ.

ಆದ್ದರಿಂದ ಮಾಸ್ಕ್, ಗ್ಲೌಸ್, ಕಣ್ಣು ಮುಚ್ಚುವ ಕನ್ನಡಕ ಅಥವಾ ಮುಖಕವಚ ಇಲ್ಲದೆ ಒಳಗೆ ಹೋಗಬೇಡಿ. "ಬರೀ ನೋಡಿ ಬರ್ತೀನಿ" ಅನ್ನುವಾಗಲೂ ಹಾಕಿಕೊಳ್ಳಿ. ಕಚ್ಚಿದರೆ, ಪರಚಿದರೆ, ಸಿಡಿದರೆ ತಕ್ಷಣ 15 ನಿಮಿಷ ತೊಳೆಯಿರಿ. ಗಾಯವಾದರೆ ಸೋಪು ನೀರು, ಕಣ್ಣಾದರೆ ಬರೀ ನೀರು ಅಥವಾ ಸಲೈನ್. ಮಂಗಕ್ಕೆ ಏನಾಯಿತು ಅಂತ ನೋಡುವುದು ಆಮೇಲೆ. ಮೊದಲು ತೊಳೆಯುವುದು, ಆಮೇಲೆ ವರದಿ ಮಾಡಿ ವೈದ್ಯರ ಹತ್ತಿರ ಹೋಗುವುದು.

ಕಾಯದೆ ಇರಬೇಕಾದ ಎರಡು ಹೊತ್ತು

ಒಂದು, ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ. ಜೊಲ್ಲು, ಏದುಸಿರು, ಮುದುಡಿ ಕೂರುವುದು ಜೊತೆಗಿದ್ದರೆ ಅದು ಹೊಟ್ಟೆ ಉಬ್ಬರ. ಉಪವಾಸದ ನಂತರ ಒಮ್ಮೆಲೇ ಗಬಗಬ ತಿಂದಾಗ ಅಥವಾ ಅರಿವಳಿಕೆಯಿಂದ ಎದ್ದ ಮಂಗಕ್ಕೆ ಜಾಸ್ತಿ ಊಟ, ನೀರು ಸಿಕ್ಕಾಗ ಇದು ಆಗುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಗ್ಯಾಸ್ ತುಂಬಿಸುತ್ತದೆ. ಸಂಜೆ ಚೆನ್ನಾಗಿದ್ದ ಮಂಗ ಬೆಳಿಗ್ಗೆ ಸತ್ತು ಬಿದ್ದಿರುವುದು ಹೀಗೆಯೇ. ಎಕ್ಸ್‌ರೇಗೆ ಅಂತ ಓಡಾಡಬೇಡಿ. ಬಾಯಿಯಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ಗ್ಯಾಸ್ ಬಿಡಿ, ರಕ್ತನಾಳಕ್ಕೆ ಡ್ರಿಪ್ ಹಾಕಿ.

ಎರಡು, ರಕ್ತ ಮತ್ತು ಲೋಳೆ ಬೆರೆತ ಭೇದಿ. ಕಣ್ಣು ಗುಳಿಬಿದ್ದು, ಹಣೆಯ ಚರ್ಮ ಎತ್ತಿ ಬಿಟ್ಟರೆ ನಿಧಾನವಾಗಿ ಕೂರುತ್ತಿದ್ದರೆ ಮೊದಲು ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಗುದದಿಂದ ತೆಗೆಯುವ ಸ್ಯಾಂಪಲ್), ಆ ಕೂಡಲೇ ಡ್ರಿಪ್. ವಿವರ ಕೆಳಗಿದೆ.

ಈ ಎರಡೂ ಇಲ್ಲದಿದ್ದರೆ ನಿಮಗೆ ಹೊತ್ತಿದೆ ಅಂತ ಅರ್ಥ. ಕ್ರಮವಾಗಿ ಹೋಗಿ.

ಸುಮ್ನೆ ನಿಂತು ನೋಡುವುದು

ಮಂಗ ಕಾಯಿಲೆಯನ್ನು ಮುಚ್ಚಿಡುತ್ತದೆ. ಕಾಡಿನಲ್ಲಿ ಬಲಹೀನ ಅಂತ ತೋರಿಸಿಕೊಂಡವರಿಗೆ ಉಳಿಗಾಲವಿಲ್ಲ. ಆ ಬುದ್ಧಿ ಪಂಜರದಲ್ಲೂ ಹೋಗುವುದಿಲ್ಲ. ಬಿಳಿ ಕೋಟು ಬಾಗಿಲಲ್ಲಿ ಕಂಡ ಕೂಡಲೇ ಮುದುಡಿ ಕೂತಿದ್ದ ಮಂಗ ಎದ್ದು ನಿಂತು ಹಲ್ಲು ತೋರಿಸುತ್ತದೆ. "ಚೆನ್ನಾಗೇ ಇದೆಯಲ್ಲ" ಅಂತ ನೀವು ವಾಪಸ್ ಬರುತ್ತೀರಿ. ಕ್ಯಾಮೆರಾ ಇದ್ದರೆ ಹೊರಗಿನಿಂದಲೇ ನೋಡಿ. ಇಲ್ಲವಾದರೆ ಬಾಗಿಲ ಗಾಜಿನ ಬದಿಯಲ್ಲಿ ನಿಂತು ಕಾಯಿರಿ, ಕಣ್ಣಿಗೆ ಕಣ್ಣು ಕೊಡಬೇಡಿ. ಮಕಾಕ್‌ಗಳಿಗೆ ದಿಟ್ಟಿಸಿ ನೋಡುವುದೆಂದರೆ ಜಗಳಕ್ಕೆ ಕರೆದಂತೆ.

ಪ್ರಾಣಿ ಪಾಲಕರನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧ ರೋಗ ಸಿಗುತ್ತದೆ. ನಮ್ಮಲ್ಲಿ ವಯಸ್ಸಾದ ಒಬ್ಬರು ಪಾಲಕರಿದ್ದಾರೆ, ಎಲ್ಲರೂ ಅವರನ್ನು ಅಣ್ಣ ಅನ್ನುತ್ತಾರೆ. ಅವರು "ಊಟ ಬಿಟ್ಟಿದೆ" ಅಂತ ಹೇಳುವುದಿಲ್ಲ. ಮಂಗಗಳ ದಿನದ ಊಟವಾದ ಒಣ ಉಂಡೆಗೆ ಪೆಲೆಟ್ ಅನ್ನುತ್ತೇವೆ. "ಪೆಲೆಟ್ ಬಿಟ್ಟಿದೆ, ಬಾಳೆಹಣ್ಣು ಕೈಯಿಂದ ಕಿತ್ತುಕೊಂಡಿತು, ಆದರೆ ಎಡಗಡೆ ಮಾತ್ರ ಅಗೀತಿದೆ" ಅನ್ನುತ್ತಾರೆ. ಅಲ್ಲಿಗೆ ಬಾಯಿ ನೋಡಬೇಕು ಅಂತ ಗೊತ್ತಾಯಿತು ಅಲ್ವಾ? ಪೂರ್ತಿ ಬಿಟ್ಟಿದೆಯೋ, ಗಟ್ಟಿಯದನ್ನು ಮಾತ್ರ ಬಿಟ್ಟಿದೆಯೋ, ಎಂದಿನಿಂದ, ನೀರು ಕುಡಿಯುತ್ತಿದೆಯೋ, ತಟ್ಟೆಯಲ್ಲಿ ಮಲ ಹೇಗಿತ್ತು, ನಿನ್ನೆ ಮಂಪರಿಗೆ ಚುಚ್ಚಿದ್ದರೋ. ಇವಿಷ್ಟನ್ನೂ ಕೇಳಿ. ಮಂಪರಿನ ಔಷಧಿ ಕೆಟಮೀನ್ ಕೊಟ್ಟ ಮರುದಿನ ಊಟ ಕಡಿಮೆಯಾಗುವುದು ಸಾಮಾನ್ಯ. ಅದಕ್ಕೇ ಗಾಬರಿಯಾಗಬೇಕಿಲ್ಲ, ಆದರೆ ಬರೆದಿಡಬೇಕು.

ನೀರು

ಎಲ್ಲಕ್ಕಿಂತ ಮೊದಲು ನಿಪ್ಪಲ್ ಒತ್ತಿ ನೋಡಿ. ಇದನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿದರೂ ತಪ್ಪಿಲ್ಲ. ನೀರು ಸಿಗದ ಮಂಗ ಪೆಲೆಟ್ ತಿನ್ನುವುದಿಲ್ಲ. ಒಣಗಿದ ಪೆಲೆಟ್ ನೀರಿಲ್ಲದೆ ಗಂಟಲಲ್ಲಿ ಇಳಿಯುವುದೂ ಇಲ್ಲ. ಒಂದೇ ಪಂಜರದ ಮಂಗ ಊಟ ಬಿಟ್ಟು, ಮಲ ಗಟ್ಟಿಯಾಗಿ, ತಟ್ಟೆಯ ಕೆಳಗೆ ಮೂತ್ರ ಕಡಿಮೆ ಇದ್ದರೆ ನೀರಿನ ಮೇಲೆಯೇ ಅನುಮಾನ.

ಒತ್ತುವಾಗ ಹೆಬ್ಬೆರಳಿನಿಂದ ಒತ್ತಿ ಹಾಗೇ ಹಿಡಿದಿರಿ. ಒಂದು ಹನಿ ಬಂದರೆ "ಬರ್ತಿದೆ" ಅಂದುಕೊಳ್ಳಬೇಡಿ. ಪೈಪಿನ ತುದಿಯಲ್ಲಿ ನಿಂತಿದ್ದ ನೀರು ಮೊದಲ ಒತ್ತಿಗೆ ಚಿಮ್ಮುತ್ತದೆ, ಆಮೇಲೆ ತೊಟ್ಟಿಕ್ಕಿ ನಿಲ್ಲುತ್ತದೆ. ಒತ್ತಿ ಹಿಡಿದಷ್ಟು ಹೊತ್ತೂ ಧಾರೆ ಒಂದೇ ಸಮ ಇರಬೇಕು. ಬೋರ್‌ವೆಲ್ ನೀರಿನ ಗಡಸಿಗೆ ಒಳಗಿನ ಸ್ಪ್ರಿಂಗ್‌ಗೆ ಬಿಳಿ ಸುಣ್ಣ ಕಟ್ಟಿರುತ್ತದೆ. ಪೈಪ್ ರಿಪೇರಿಗೆ ಅಂತ ಮುಚ್ಚಿದ ವಾಲ್ವ್ ಆಮೇಲೆ ತೆರೆಯದೆ ಬಿಟ್ಟಿರುತ್ತಾರೆ. ಪಂಜರವನ್ನು ತೊಳೆಯಲು ಒಯ್ದು ವಾಪಸ್ ತಂದಾಗ ಹೋಸ್ ಕೂಡಿಸಿರುವುದಿಲ್ಲ. ಇನ್ನೊಂದು ವಿಷಯ: ಬೇರೆ ಕಡೆಯಿಂದ ಬಂದ ಮಂಗಕ್ಕೆ ನಿಪ್ಪಲ್ ಒತ್ತಿ ಕುಡಿಯುವುದೇ ಗೊತ್ತಿಲ್ಲದೆ ಇರಬಹುದು. ಅಂಥದ್ದಕ್ಕೆ ಕಲಿಯುವ ತನಕ ಬಟ್ಟಲಲ್ಲೂ ನೀರಿಡಿ.

ಸಾಲಿನ ಎಲ್ಲ ಪಂಜರದಲ್ಲೂ ಊಟ ಕಡಿಮೆಯಾಗಿದ್ದರೆ ನಿಪ್ಪಲ್ ಬಿಟ್ಟು ಮೇನ್ ಲೈನ್ ನೋಡಿ. ಇಡೀ ಕೋಣೆಯೇ ಹಾಗಿದ್ದರೆ ಥರ್ಮಾಮೀಟರ್ ನೋಡಿ. ಕೋಣೆ 18ರಿಂದ 29 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ನೀರು ಬಿಟ್ಟ ಮೇಲೆ ಕೆಲವೇ ಗಂಟೆಗಳಲ್ಲಿ ತಿನ್ನಲು ಶುರುಮಾಡಿದರೆ ದೋಷ ಅಲ್ಲಿಗೆ ಮುಗಿಯಿತು. ತುಂಬಾ ಹೊತ್ತು ಬಾಯಾರಿದ್ದರೆ ಒಮ್ಮೆಲೇ ಮನಬಂದಷ್ಟು ಕುಡಿಯಲು ಬಿಡದೆ ಸ್ವಲ್ಪ ಸ್ವಲ್ಪವೇ ಕೊಡಿ.

ಊಟದ ಚೀಲ

ಪೆಲೆಟ್ ಚೀಲದ ಮೇಲಿನ ತಯಾರಿಕೆ ದಿನಾಂಕ ನೋಡಿ. ಮಂಗಗಳಿಗೆ, ನಮ್ಮಂತೆಯೇ, ಸಿ ವಿಟಮಿನ್ ಮೈಯಲ್ಲಿ ತಯಾರಾಗುವುದಿಲ್ಲ. ಊಟದಿಂದಲೇ ಬರಬೇಕು. ಮಾಮೂಲಿ ಸಿ ವಿಟಮಿನ್ ಹಾಕಿದ ಪೆಲೆಟ್ 90 ದಿನ ದಾಟಿದರೆ ಅದನ್ನು ನಂಬಬೇಡಿ. ಹಾಳಾಗದಂತೆ ಮಾಡಿದ ವಿಟಮಿನ್ ಆದರೆ 180 ದಿನ. ಮಳೆಗಾಲದಲ್ಲಿ ಗೋದಾಮಿನ ತೇವ, ಬೇಸಿಗೆಯಲ್ಲಿ ತಗಡಿನ ಕಾವು ಎರಡೂ ಈ ಅವಧಿಯನ್ನು ಇನ್ನೂ ಕಡಿಮೆ ಮಾಡುತ್ತವೆ.

ಕೊರತೆ ಬಂದಾಗ ಒಸಡು ಊದಿ ರಕ್ತ ಬರುತ್ತದೆ, ಹಲ್ಲು ಅಲ್ಲಾಡುತ್ತದೆ, ಕೀಲು ನೋವಿಗೆ ಮಂಗ ಹತ್ತುವುದನ್ನೇ ಬಿಡುತ್ತದೆ. ಮರಿಗಳಲ್ಲಿ ಮೊಣಕಾಲಿನ ಹತ್ತಿರದ ಮೂಳೆ ತುದಿಯೇ ಜಾರಬಹುದು. ಅದನ್ನು ಏಟು ಅಂದುಕೊಳ್ಳುವುದು ಸುಲಭ. ಒಂದಕ್ಕಿಂತ ಹೆಚ್ಚು ಮಂಗಗಳು ಒಟ್ಟಿಗೆ ಕುಂಟಿದರೆ ಅದು ಏಟಲ್ಲ, ಚೀಲದ ದಿನಾಂಕ ನೋಡಿ. ಸೀಬೆ, ನೆಲ್ಲಿ, ಕಿತ್ತಳೆ ಕೊಟ್ಟರೆ ಇದು ಬೇಗ ಹತೋಟಿಗೆ ಬರುತ್ತದೆ.

ಚೀಲಕ್ಕೆ ಕೈ ಹಾಕಿ ಮೂಸಿ ನೋಡಿ, ಬೂಷ್ಟು ಹಿಡಿದಿದೆಯೇ ಅಂತ. ಇಲಿ ಹಿಕ್ಕೆ ಇದೆಯೇ ಅಂತಲೂ. ಇಲಿ ಮತ್ತು ಹಕ್ಕಿಗಳ ಹಿಕ್ಕೆಯಿಂದ ಯರ್ಸಿನಿಯಾ ಅನ್ನುವ ಬ್ಯಾಕ್ಟೀರಿಯಾ ಬರುತ್ತದೆ, ಭೇದಿಯಷ್ಟೇ ಅಲ್ಲದೆ ಯಕೃತ್ತಿನಲ್ಲಿ ಕೀವುಗಂಟು ಮಾಡುತ್ತದೆ.

ಬಾಯಿ ಮತ್ತು ಕೆನ್ನೆಚೀಲ

ತಟ್ಟೆ ಖಾಲಿಯಾಗಿದೆ, ಹಾಗಾಗಿ ತಿಂದಿದೆ ಅನ್ನುವಂತಿಲ್ಲ. ಮಕಾಕ್‌ಗಳಿಗೆ ಕೆನ್ನೆಯೊಳಗೆ ಚೀಲವಿದೆ. ಬಾಯಿನೋವು ಇರುವ ಮಂಗ ಪೆಲೆಟ್ ತೆಗೆದುಕೊಂಡು ಚೀಲಕ್ಕೆ ತುಂಬಿ, ನುಂಗದೆ, ಆಮೇಲೆ ನೆಲಕ್ಕೆ ಉಗುಳುತ್ತದೆ. ತಟ್ಟೆಯ ಕೆಳಗೆ ಅರೆಬರೆ ಅಗಿದ ಉಂಡೆ ಸಿಕ್ಕಿತೇ? ಅದೇ ಸುಳಿವು.

ಮಂಪರಿಗೆ ಕೆಟಮೀನ್, ಸಾಮಾನ್ಯವಾಗಿ ಕೆಜಿಗೆ 10 ಮಿ.ಗ್ರಾಂ, ಸ್ನಾಯುವಿಗೆ. ಸೊರಗಿದ ಮಂಗಕ್ಕೆ ಇನ್ನೂ ಕಡಿಮೆ. ಮಲಗಿದ ಕೂಡಲೇ ಮೊದಲ ಕೆಲಸ ಕೆನ್ನೆಚೀಲ ಖಾಲಿ ಮಾಡುವುದು. ಹೊರಗಿನಿಂದ ಮುಂದಕ್ಕೆ ಒತ್ತಿದರೆ ಹೊರಬರುತ್ತದೆ. ಇಲ್ಲದಿದ್ದರೆ ಅದೇ ಶ್ವಾಸಕ್ಕೆ ಜಾರುತ್ತದೆ. ಆಮೇಲೆ ಕೋರೆಹಲ್ಲು ನೋಡಿ. ಮುರಿದ ಕೋರೆಹಲ್ಲಿನ ಬೇರಿಗೆ ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಬರುತ್ತದೆ. ಕಣ್ಣಿನ ತೊಂದರೆ ಅಂತ ಡ್ರಾಪ್ಸ್ ಹಾಕುತ್ತಾ ಕೂರಬೇಡಿ. ನಾಲಗೆ, ತುಟಿಯ ಒಳಮೈ ಮೇಲೆ ಹುಣ್ಣಿದ್ದರೆ ಬಿ ವೈರಸ್ ಅಂತಲೇ ತಿಳಿದು ನಡೆದುಕೊಳ್ಳಿ.

ಮಲಗಿಸಿರುವಾಗಲೇ ತೂಕ, ಗುದದ ತಾಪ (ಸುಮಾರು 37ರಿಂದ 39.5 ಡಿಗ್ರಿ ಸರಿ), ರಕ್ತ, ಹೊಟ್ಟೆಯನ್ನು ಒತ್ತಿ ನೋಡುವುದು, ಗುದದ ಸ್ವಾಬ್, ಎಲ್ಲ ಮುಗಿಸಿಬಿಡಿ. ಮತ್ತೆ ಮತ್ತೆ ಮಲಗಿಸುವುದು ಮಂಗಕ್ಕೆ ಒಳ್ಳೆಯದಲ್ಲ. ಕೂದಲನ್ನು ಬೆರಳಿನಿಂದ ಬಿಡಿಸಿ ಮೈ ಪೂರ್ತಿ ನೋಡಿ, ಬಾಲದ ಬುಡವನ್ನೂ. ಕಚ್ಚಿದ ಗಾಯ ಹೊರಗೆ ಚಿಕ್ಕ ತೂತಿನಂತೆ ಕಾಣುತ್ತದೆ, ಒಳಗೆ ಸ್ನಾಯು ಜಜ್ಜಿಹೋಗಿರುತ್ತದೆ. ಜಜ್ಜಿದ್ದು ಜಾಸ್ತಿಯಾದರೆ ಮೂತ್ರಪಿಂಡಕ್ಕೆ ಹೊಡೆತ.

ಗಾಯ ಸಿಕ್ಕಿದರೆ ಪ್ರಶ್ನೆ ಗುಂಪಿನ ಕಡೆ ತಿರುಗುತ್ತದೆ. ರೀಸಸ್‌ಗಳಲ್ಲಿ ಹೆಣ್ಣಿನ ಸ್ಥಾನ ತಾಯಿಯಿಂದ ಬರುತ್ತದೆ. ಮೇಲಿನ ಮನೆತನದ ಹೆಣ್ಣುಗಳು ಊಟದ ಡಬ್ಬದ ಮುಂದೆ ಕೂತರೆ ಕೆಳಗಿನವು ಹತ್ತಿರ ಸುಳಿಯುವುದಿಲ್ಲ. ಅಂಥ ಮಂಗಕ್ಕೆ ರೋಗವೇ ಇರುವುದಿಲ್ಲ, ಹಸಿವಿರುತ್ತದೆ. ಬೇರೆ ಮಾಡಿ ಒಂದು ಹಿಡಿ ನೆನೆಸಿದ ಕಡಲೆ ಕೊಡಿ. ಗಬಕ್ಕನೆ ತಿಂದರೆ ಉತ್ತರ ಸಿಕ್ಕಿತು. ಔಷಧಿ ಬೇಡ, ಊಟವನ್ನು ನಾಲ್ಕಾರು ಜಾಗದಲ್ಲಿ ಹರಡಿ ಹಾಕಿ, ಮರೆಯಲ್ಲಿ ಕೂರಲು ಅಡ್ಡಗೋಡೆ ಕೊಡಿ.

ಭೇದಿ

ಸೆರೆಯಲ್ಲಿರುವ ರೀಸಸ್‌ಗಳನ್ನು ಬಹಳವಾಗಿ ಕಾಡುವ ಕಾಯಿಲೆ ಇದು. ಆಂಟಿಬಯಾಟಿಕ್ ಸುಮ್ಮಸುಮ್ಮನೆ ಜಾಸ್ತಿ ಬಳಕೆಯಾಗುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಸ್ಯಾಂಪಲ್. ಬಿಸಿ ಆರದ ಮಲದ ಒಂದು ಚೂರನ್ನು ಸಲೈನ್ ಹನಿಯಲ್ಲಿ ಕದಡಿ ಆಗಲೇ ಮೈಕ್ರೋಸ್ಕೋಪ್ ಕೆಳಗೆ ಇಡಿ. ಜಿಯಾರ್ಡಿಯಾ, ಅಮೀಬಾ, ಬ್ಯಾಲಂಟಿಡಿಯಂ ಅನ್ನುವ ಒಂಟಿಕೋಶದ ಪರಾವಲಂಬಿಗಳು ಓಡಾಡುವುದು ಮಲ ತಾಜಾ ಇದ್ದಾಗ ಮಾತ್ರ ಕಾಣುತ್ತದೆ. ಕಲ್ಚರ್‌ಗೆ ತಟ್ಟೆಯ ಮಲ ಬೇಡ, ಗುದದ ಸ್ವಾಬ್ ತೆಗೆಯಿರಿ. ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ತುಂಬಾ ನಾಜೂಕು, ಹೊರಗೆ ಬಂದರೆ ಬೇಗ ಸಾಯುತ್ತದೆ. ಸ್ವಾಬನ್ನು ಸಾಗಣೆಗೆ ಬಳಸುವ ಕ್ಯಾರಿ ಬ್ಲೇರ್ ಮಾಧ್ಯಮದಲ್ಲಿಟ್ಟು ಅವತ್ತೇ ಲ್ಯಾಬಿಗೆ ಕಳಿಸಿ. ಭೇದಿಯ ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪೈಲೋಬ್ಯಾಕ್ಟರ್ ಬೆಳೆಯಲು 42 ಡಿಗ್ರಿ ಕಾವು, ಕಡಿಮೆ ಆಮ್ಲಜನಕ ಬೇಕು. ಲ್ಯಾಬಿಗೆ ಇದನ್ನು ಮೊದಲೇ ಹೇಳದಿದ್ದರೆ "ಏನೂ ಬೆಳೆದಿಲ್ಲ" ಅನ್ನುವ ವರದಿ ಬರುತ್ತದೆ, ಆ ವರದಿಗೆ ಅರ್ಥವಿಲ್ಲ. ಒಂದು ಸಲ ಸಿಗದಿದ್ದರೆ ದಿನ ಬಿಟ್ಟು ಇನ್ನೆರಡು ಸಲ ಕಳಿಸಿ. ಇವು ದಿನಾ ಹೊರಬೀಳುವುದಿಲ್ಲ.

ಈಗ ವರದಿ ಓದುವುದು. ಶಿಗೆಲ್ಲಾ ಫ್ಲೆಕ್ಸ್ನರಿ ಬಂದರೆ ಯೋಚಿಸುವಂತಿಲ್ಲ. ಬೇರೆ ಇಡಿ, ಸೆನ್ಸಿಟಿವಿಟಿ (ಯಾವ ಔಷಧಿಗೆ ಅದು ಬಗ್ಗುತ್ತದೆ ಅನ್ನುವುದು) ನೋಡಿ ಚಿಕಿತ್ಸೆ ಕೊಡಿ, ಜೊತೆಗಿದ್ದ ಮಂಗಗಳ ಸ್ವಾಬ್ ತೆಗೆಯಿರಿ. ಕಾಯಿಲೆ ಇಲ್ಲದೆಯೂ ಅದನ್ನು ಹೊತ್ತು ತಿರುಗುವ ಮಂಗಗಳಿರುತ್ತವೆ. ಇದು ಮನುಷ್ಯರಿಗೂ ಅಂಟುತ್ತದೆ, ಆದ್ದರಿಂದ ಪಾಲಕರಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದೆಯೇ ಕೇಳಿ. ರಜೆ ಕತ್ತರಿಸುತ್ತಾರೆ ಅನ್ನುವ ಭಯದಲ್ಲಿ ಯಾರೂ ಹೇಳದೆ ಹೋದರೆ ತಪ್ಪು ಪಾಲಕರದ್ದಲ್ಲ, ಆ ವ್ಯವಸ್ಥೆಯದ್ದು.

ಕ್ಯಾಂಪೈಲೋಬ್ಯಾಕ್ಟರ್, ಬ್ಯಾಲಂಟಿಡಿಯಂ, ಚಾಟಿಹುಳ ಬಂದರೆ ಅಷ್ಟು ಬೇಗ ತೀರ್ಪು ಕೊಡಬೇಡಿ. ಇವು ಚೆನ್ನಾಗಿರುವ ಮಂಗಗಳ ಮಲದಲ್ಲೂ ಸಿಗುತ್ತವೆ. ಸಿಕ್ಕಿದ್ದೇ ಕಾರಣ ಅಂತ ಹೇಳಲಾಗದು. ಅದೇ ಕೋಣೆಯ ಎರಡು ಆರೋಗ್ಯವಂತ ಮಂಗಗಳ ಸ್ವಾಬನ್ನೂ ಜೊತೆಗೇ ಕಳಿಸಿದರೆ ಹೋಲಿಸಲು ಆಗುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ಆದರೆ ತಪ್ಪು ಚಿಕಿತ್ಸೆಗಿಂತ ಕಡಿಮೆ.

ಏನೂ ಸಿಗದೆ, ವಾರಗಟ್ಟಲೆ ಬಂದು ಹೋಗಿ ಬಂದು ಹೋಗಿ ಮಾಡುವ ಭೇದಿ ಇನ್ನೊಂದಿದೆ. ದೊಡ್ಡಕರುಳಿನಲ್ಲಿ ಉರಿಯೂತ, ನಿಧಾನವಾಗಿ ಇಳಿಯುವ ತೂಕ, ರಕ್ತದಲ್ಲಿ ಕುಸಿಯುವ ಅಲ್ಬುಮಿನ್ ಅನ್ನುವ ಪ್ರೋಟೀನ್. ತಾಯಿಯಿಂದ ಬೇಗ ಬೇರೆ ಮಾಡಿ ಸಾಕಿದ ಮಂಗಗಳಲ್ಲಿ, ಪದೇ ಪದೇ ಕೋಣೆ ಬದಲಿಸಿದವುಗಳಲ್ಲಿ ಇದು ಜಾಸ್ತಿ. ದಾಖಲೆ ತೆಗೆದು ಭೇದಿಯ ದಿನಗಳನ್ನೂ ಪಂಜರ ಬದಲಿಸಿದ ದಿನಗಳನ್ನೂ ಅಕ್ಕಪಕ್ಕ ಬರೆಯಿರಿ. ಎಷ್ಟೋ ಸಲ ಎರಡೂ ಕೂಡಿ ಬರುತ್ತವೆ. ಇಲ್ಲಿ ಆಂಟಿಬಯಾಟಿಕ್ ಒಂದಾದ ಮೇಲೊಂದು ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಭೇದಿ ಇನ್ನೂ ಹದಗೆಡುತ್ತದೆ. ಜಾಗ ಬದಲಿಸುವುದನ್ನು ನಿಲ್ಲಿಸಿ, ಹೊಂದುವ ಜೊತೆಗಾರರನ್ನು ಕೊಡಿ, ನಾರಿನಂಶ ಹೆಚ್ಚಿಸಿ, ಹಣ್ಣು ಕಡಿಮೆ ಮಾಡಿ. ಕಾಲನಿಯಲ್ಲಿ ಇಂಥವು ಒಂದರ ಹಿಂದೆ ಒಂದು ಬಂದರೆ, ಜೊತೆಗೆ ರಕ್ತಹೀನತೆಯೂ ಇದ್ದರೆ, ಮಂಗಗಳ ರೆಟ್ರೋವೈರಸ್ (ಎಚ್‌ಐವಿ ಗುಂಪಿಗೆ ಸೇರಿದ ವೈರಸ್) ಪರೀಕ್ಷೆ ಮಾಡಿಸಿ.

ತೂಕ ಇಳಿಯುತ್ತಿದೆ, ಬೇರೇನೂ ಕಾಣುತ್ತಿಲ್ಲ

ಇಲ್ಲಿಗೆ ಬಂದರೆ ಕ್ಷಯವನ್ನು ಮನಸ್ಸಿನಿಂದ ತೆಗೆಯುವಂತಿಲ್ಲ. ಅದೂ ನಮ್ಮ ದೇಶದಲ್ಲಿ. ಮಂಗಗಳಿಗೆ ಕ್ಷಯ ಹೆಚ್ಚಾಗಿ ಮನುಷ್ಯರಿಂದಲೇ ಬರುತ್ತದೆ. ಬಂದರೆ ಕೋಣೆಯಿಂದ ಕೋಣೆಗೆ ಹಬ್ಬುತ್ತದೆ. ಕೆಮ್ಮು ಇರಲೇಬೇಕು ಅಂತಿಲ್ಲ. ತೂಕ ಇಳಿಯುವುದು, ಮಂಕಾಗುವುದು ಕಾಣುವಷ್ಟರಲ್ಲಿ ರೋಗ ತುಂಬಾ ಮುಂದೆ ಹೋಗಿರುತ್ತದೆ.

ಕ್ಷಯದ ಚರ್ಮ ಪರೀಕ್ಷೆಗೆ ಬಳಸುವ ಟ್ಯೂಬರ್ಕ್ಯುಲಿನ್ 0.1 ಮಿ.ಲೀ. ಮೇಲಿನ ರೆಪ್ಪೆಯ ಅಂಚಿನ ಚರ್ಮದೊಳಗೆ ಚುಚ್ಚಿ, 24, 48, 72 ಗಂಟೆಗೆ ಓದಿ. ರೆಪ್ಪೆಯನ್ನೇ ಆರಿಸುವುದು ಮಂಗವನ್ನು ಹಿಡಿಯದೆ ದೂರದಿಂದಲೇ ನೋಡಲು ಆಗಲಿ ಅಂತ. 0ಯಿಂದ 5ರವರೆಗೆ ಅಂಕ. ಸ್ವಲ್ಪ ಕೆಂಪು ಇದ್ದರೆ 1 ಅಥವಾ 2, ಅದು ಸೂಜಿಯ ಗಾಯದಿಂದಲೂ ಬರುತ್ತದೆ. 3 ಅಂದರೆ ಅನುಮಾನ. ರೆಪ್ಪೆ ಊದಿ ಜೋತುಬಿದ್ದರೆ 4, ಕಣ್ಣು ಮುಚ್ಚುವಷ್ಟಾದರೆ 5. ಮನುಷ್ಯರಿಗೆ ಕೊಡುವ ಶುದ್ಧೀಕರಿಸಿದ ಟ್ಯೂಬರ್ಕ್ಯುಲಿನ್ (ಪಿಪಿಡಿ) ಮಂಗಕ್ಕೆ ಸಾಲದು. ಮಂಗಗಳಿಗೆ ಅಂತ ಬರುವ ಸಸ್ತನಿ ಹಳೇ ಟ್ಯೂಬರ್ಕ್ಯುಲಿನ್ ಬೇಕು. ಅದೇ ರೆಪ್ಪೆಗೆ ಎರಡು ವಾರದೊಳಗೆ ಮತ್ತೆ ಚುಚ್ಚಬೇಡಿ, ಎಡ ಬಲ ಬದಲಿಸಿ.

ದೊಡ್ಡ ಅಪಾಯ ಇರುವುದು ಸೊನ್ನೆಯಲ್ಲಿ. ರೋಗ ತೀರಾ ಮುಂದುವರಿದ ಮಂಗದ ಮೈ ಪರೀಕ್ಷೆಗೆ ಓಗೊಡುವುದೇ ಇಲ್ಲ. ದಡಾರ, ದಡಾರದ ಲಸಿಕೆ ಕೂಡ ಓಗೊಡದಂತೆ ಮಾಡುತ್ತವೆ. ಆದ್ದರಿಂದ ಸೊರಗಿದ ಮಂಗಕ್ಕೆ ಸೊನ್ನೆ ಬಂದರೆ ನಿರಾಳವಾಗಬೇಡಿ. ಎದೆಯ ಎಕ್ಸ್‌ರೇ, ರಕ್ತದ ಇಂಟರ್‌ಫೆರಾನ್ ಪರೀಕ್ಷೆ, ಶ್ವಾಸನಾಳ ತೊಳೆದ ನೀರಿನ ಪಿಸಿಆರ್ ಮಾಡಿಸಿ. ಪಾಲಕರಿಗೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಲೇಬೇಕು. ಕಂತ್ರಾಟಿನ ಮೇಲೆ ಬರುವ ಕಸ ಗುಡಿಸುವವರು, ಪ್ಲಂಬರ್‌ಗಳು ಈ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಅವರನ್ನೂ ಸೇರಿಸಿ.

ಮಲೆನಾಡಿನ ಕಡೆಯಿಂದ ಹಿಡಿದ ಮಂಗ ಬಂದಿದ್ದರೆ ಕಿವಿ ಮತ್ತು ತೊಡೆಸಂದಿಯ ಉಣ್ಣೆಗಳನ್ನು ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಬಾನೆಟ್ ಮಂಗ ಮತ್ತು ಮುಸಿಯ ಎರಡೂ ಅದಕ್ಕೆ ಬಲಿಯಾಗುತ್ತವೆ. ಉಣ್ಣೆಯನ್ನು ಬರಿಗೈಯಲ್ಲಿ ಕೀಳಬೇಡಿ.

ತಿಂಗಳಿಗೊಮ್ಮೆ ಊಟ ಬಿಡುವ ಹೆಣ್ಣು

ರೀಸಸ್ ಹೆಣ್ಣಿಗೆ ಸುಮಾರು 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ. ವಯಸ್ಸಾದ ಹೆಣ್ಣು ಪ್ರತಿ ಸಲ ಅದೇ ಹೊತ್ತಿಗೆ ಒಂದೆರಡು ದಿನ ಊಟ ಬಿಟ್ಟು ಹೊಟ್ಟೆ ಹಿಡಿದು ಕೂತರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಅಲ್ಟ್ರಾಸೌಂಡ್ ಮಾಡಿ, ಅದಕ್ಕೂ ಮುಂಚೆ ನೋವಿನ ಔಷಧಿ ಕೊಡಿ. ಗಬ್ಬದ ಅವಧಿ ಸುಮಾರು 165 ದಿನ. ತುಂಬಿದ ಹೆಣ್ಣು, ಅದರಲ್ಲೂ ದಪ್ಪಗಿರುವುದು, ಊಟ ಬಿಟ್ಟರೆ "ನಾಳೆ ನೋಡೋಣ" ಅನ್ನಬೇಡಿ. ದಪ್ಪ ಮಂಗದ ಉಪವಾಸ ಕೊಬ್ಬನ್ನೆಲ್ಲ ಯಕೃತ್ತಿಗೆ ತಂದು ತುಂಬುತ್ತದೆ, ಕೆಲವೇ ದಿನಗಳಲ್ಲಿ ಸಾವು ಬರಬಹುದು. ಅದಕ್ಕೆ ಟ್ಯೂಬಿನಲ್ಲಾದರೂ ಊಟ ಇಳಿಸಿ.

ಗುಂಪಿಗೆ ವಾಪಸ್ ಬಿಡುವಾಗ

ತಿನ್ನಲು ಶುರುಮಾಡಿದ ಮಂಗಕ್ಕೆ ಮೊದಲ ದಿನ ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ, ಮೇಲೆ ಹೇಳಿದ ಹೊಟ್ಟೆ ಉಬ್ಬರ ಬಾರದಿರಲಿ ಅಂತ. ಮೂರು ದಿನ ಊಟ, ಮಲ ಎರಡೂ ಸರಿಯಿದ್ದರೆ ಆಸ್ಪತ್ರೆ ಪಂಜರದಲ್ಲಿ ಇಟ್ಟುಕೊಳ್ಳಬೇಡಿ. ಜಾಸ್ತಿ ದಿನ ದೂರವಿದ್ದಷ್ಟೂ ಗುಂಪಿನಲ್ಲಿ ಅದರ ಜಾಗ ಕೈತಪ್ಪುತ್ತದೆ, ವಾಪಸ್ ಬಿಟ್ಟ ದಿನವೇ ಕಚ್ಚಿಸಿಕೊಳ್ಳುತ್ತದೆ. ಹೊರಗಿರುವಾಗಲೂ ಸಾಧ್ಯವಾದರೆ ಗುಂಪು ಕಾಣುವ ಕಡೆ ಇಡಿ. ಬಿಡುವುದು ಬೆಳಿಗ್ಗೆ, ಎಲ್ಲರೂ ಕೆಲಸದಲ್ಲಿರುವಾಗ. ಸಂಜೆ ಬಿಟ್ಟು ಮನೆಗೆ ಹೋಗಬೇಡಿ. ಬಿಟ್ಟ ಮೇಲೆ ಆ ದಿನದ ಊಟದ ಹೊತ್ತಿಗೆ ಒಬ್ಬರು ಅಲ್ಲಿ ನಿಂತಿರಲಿ. ಒಂದು ವಾರದ ನಂತರ ಇನ್ನೊಮ್ಮೆ ತೂಕ ಹಾಕಿ, ಹಳೆಯ ತೂಕದ ಪಕ್ಕದಲ್ಲೇ ಬರೆಯಿರಿ.